ನಾನು ನುಂಗಿದ ಜ್ಞಾಪಕಶಕ್ತಿ

"ಇನ್ನು ಹದಿನೈದೇ ದಿನ! ಆಮೇಲೆ ನನ್ನ ತಲೆಯ ಮುಂದೆ ಕಂಪ್ಯೂಟರ್ ಕೂಡ ಕೈಕಟ್ಟಿ ನಿಲ್ಲಬೇಕು!"

ಹೀಗೆಂದು ನಾನು ಘೋಷಿಸಿದ್ದು ಬಚ್ಚಲುಮನೆಯ ಕನ್ನಡಿಯೆದುರು. ಬಾಗಿಲು ಹಾಕಿಕೊಂಡು, ನಲ್ಲಿಯನ್ನು ಜೋರಾಗಿ ಬಿಟ್ಟುಕೊಂಡು. ವೀರಪ್ರತಿಜ್ಞೆಗಳನ್ನು ಹೆಂಡತಿಯ ಕಿವಿಗೆ ಬೀಳದಂತೆ ಮಾಡುವುದೇ ಕ್ಷೇಮವೆಂದು ಇಪ್ಪತ್ತೆರಡು ವರ್ಷದ ಸಂಸಾರ ನನಗೆ ಕಲಿಸಿದೆ.

"ಯಾರ ಜೊತೆ ಮಾತಾಡ್ತಿದೀರಿ?" ಹೊರಗಿನಿಂದ ಪ್ರಶ್ನೆ ಬಂತು.

"ಯಾರೂ ಇಲ್ಲ ಕಣೇ."

"ಹಾಗಾದ್ರೆ ನೀರು ಯಾರಿಗೆ ಬಿಟ್ಟಿದೀರಿ? ಮುಖ ತೊಳ್ಕೊಂಡು ಬರ್ತೀನಿ ಅಂತ ಹೋಗಿ ಅರ್ಧ ಗಂಟೆ ಆಯ್ತು!"

ಹೌದಲ್ಲ! ನಾನು ಒಳಗೆ ಬಂದಿದ್ದು ಮುಖ ತೊಳೆಯಲು. ಕನ್ನಡಿಯಲ್ಲಿ ನೋಡಿಕೊಂಡೆ. ಮುಖ ಒಣಗಿಯೇ ಇತ್ತು. ನೋಡಿ, ನನ್ನ ಸಮಸ್ಯೆಯೇ ಇದು.

ನನ್ನ ಉದ್ಯೋಗವನ್ನು ಮೊದಲು ಹೇಳಿಬಿಡುತ್ತೇನೆ, ಆಮೇಲೆ ಮರೆತರೆ ಕಷ್ಟ. ಬಸ್ ಡಿಪೋದಲ್ಲಿ ಬಿಡಿಭಾಗಗಳ ಸ್ಟೋರ್ ಇರುತ್ತದಲ್ಲ, ಅದರ ಸ್ಟೋರ್ ಕೀಪರ್ ನಾನು. ಹದಿನಾಲ್ಕು ರ‍್ಯಾಕುಗಳು, ಒಂದೊಂದರಲ್ಲೂ ಐದೈದು ಸಾಲು, ಸಾಲಿಗೆ ಹತ್ತಾರು ಖಾನೆ. ಮೆಕ್ಯಾನಿಕ್ ಇಂಡೆಂಟ್ ಚೀಟಿ ತಂದು ಕೌಂಟರ್ ಮೇಲಿಡಬೇಕು, ನಾನು ಚೀಟಿಯಲ್ಲಿ ಬರೆದ ವಸ್ತುವನ್ನು ತಂದು ಕೊಡಬೇಕು. ಬೇರೆ ಡಿಪೋಗಳಲ್ಲಿ ಪ್ರತಿ ಖಾನೆಯ ಮೇಲೂ ಹೆಸರಿನ ಚೀಟಿ ಅಂಟಿಸಿರುತ್ತಾರೆ. ನನ್ನ ಸ್ಟೋರಿನಲ್ಲಿ ಒಂದೇ ಒಂದು ಚೀಟಿ ಇಲ್ಲ! ಚೀಟಿ ಅಂಟಿಸುವುದು ತಲೆ ಇಲ್ಲದವರ ಕೆಲಸ ಎಂದು ನಾನು ಇಪ್ಪತ್ತಾರು ವರ್ಷಗಳಿಂದ ಎದೆ ತಟ್ಟಿಕೊಂಡು ಹೇಳುತ್ತಾ ಬಂದವನು. ಕ್ಲಚ್ ಪ್ಲೇಟ್ ಎಂದರೆ ಆರನೇ ರ‍್ಯಾಕಿನ ತಳದ ಸಾಲು, ಅದರ ಪಕ್ಕದಲ್ಲೇ ಹಾರ್ನ್. ಯಾಕೆ ಹಾರ್ನ್? ನಾನು ಕೆಲಸಕ್ಕೆ ಸೇರಿದ ವರ್ಷ ಎರಡೂ ಒಂದೇ ಲಾರಿಯಲ್ಲಿ ಬಂದವು, ಅಷ್ಟೇ. ಕಣ್ಣು ಮುಚ್ಚಿದರೂ ಕಾಲು ತಾನಾಗಿ ಅಲ್ಲಿಗೆ ಹೋಗುತ್ತಿತ್ತು, ಕೈ ತಾನಾಗಿ ಎತ್ತಿಕೊಳ್ಳುತ್ತಿತ್ತು. ಡಿಪೋದವರೆಲ್ಲ ನನ್ನನ್ನು 'ಕಂಪ್ಯೂಟ್ರಣ್ಣ' ಎಂದೇ ಕರೆಯುತ್ತಿದ್ದರು. ನಾನು ಹಾಗೆ ಕರೆಯಬೇಡಿ ಎಂದು ಒಮ್ಮೆಯೂ ಹೇಳಲಿಲ್ಲ.

ಅಂಥ ನನಗೆ ಕಳೆದ ತಿಂಗಳು ಒಂದು ಗ್ರಹಚಾರ ಕಾದಿತ್ತು. ಮಳೆ ಹನಿಯುತ್ತಿದ್ದ ಬೆಳಿಗ್ಗೆ. ಹೆಡ್ ಮೆಕ್ಯಾನಿಕ್ ಬಂದ. ತಲೆಗೂದಲಿನಿಂದ ಹಿಡಿದು ಊಟದ ಡಬ್ಬಿಯವರೆಗೆ ಗ್ರೀಸು ಮೆತ್ತಿಕೊಂಡಿರುವುದರಿಂದ ಅವನಿಗೆ ಗ್ರೀಸಣ್ಣ ಎಂದು ಹೆಸರು. "ಕಂಪ್ಯೂಟ್ರಣ್ಣ, ಒಂದು ವೈಪರ್ ಮೋಟಾರ್ ಕೊಡು, ಬಸ್ಸು ಹೊರಟು ನಿಂತಿದೆ" ಅಂದ.

ನಾನು ಠೀವಿಯಿಂದ ತಿರುಗಿದೆ. ನಾಲ್ಕು ಹೆಜ್ಜೆ ನಡೆದೆ. ನಿಂತೆ. ವೈಪರ್ ಮೋಟಾರ್ ಎಂದರೆ ಎಡಕ್ಕೋ ಬಲಕ್ಕೋ, ಮೇಲೋ ಕೆಳಗೋ, ಒಂದೂ ಹೊಳೆಯಲಿಲ್ಲ! ತಲೆಯೊಳಗೆ ಗುಡಿಸಿ ಒರೆಸಿದಷ್ಟು ಸ್ವಚ್ಛ. ಹನ್ನೊಂದು ನಿಮಿಷ ಹುಡುಕಿದೆ. ಅಷ್ಟರಲ್ಲಿ ಡ್ರೈವರ್ ತನ್ನ ಟವೆಲಿನಿಂದ ಗಾಜು ಒರೆಸಿಕೊಂಡು ಬಸ್ಸು ಹೊರಡಿಸಿಯೇ ಬಿಟ್ಟಿದ್ದ.

"ವಯಸ್ಸಾಯ್ತು ಬಿಡಣ್ಣ" ಎಂದು ಗ್ರೀಸಣ್ಣ ನಕ್ಕ. ನಾನೂ ನಕ್ಕೆ. ಆದರೆ ಅವನು ಹೋದ ಮೇಲೆ ಒಂದೊಂದೇ ಖಾನೆಯನ್ನು ಮುಟ್ಟಿ ಮುಟ್ಟಿ ಹೆಸರು ಹೇಳಿಕೊಂಡೆ.

ಯಾಕೆಂದರೆ ನನ್ನ ಅಪ್ಪನಿಗೂ ಹೀಗೆಯೇ ಶುರುವಾಗಿದ್ದು. ಮೊದಲು ಕನ್ನಡಕ ಮರೆತರು. ಆಮೇಲೆ ಬೀದಿ ಮರೆತರು. ಕೊನೆಕೊನೆಗೆ ಒಂದು ದಿನ ನಾನು ಒಳಗೆ ಹೋದಾಗ ಎದ್ದು ನಿಂತು, "ಬನ್ನಿ, ಕೂತ್ಕೊಳ್ಳಿ, ತಾವು ಯಾರು ಅಂತ ಗೊತ್ತಾಗ್ಲಿಲ್ಲ" ಎಂದು ಬಹಳ ಮರ್ಯಾದೆಯಿಂದ ಕೇಳಿದರು. ಆ ಮರ್ಯಾದೆಯನ್ನು ನೆನೆದರೆ ಈಗಲೂ ಕಣ್ಣು ತುಂಬುತ್ತದೆ. ವೈಪರ್ ಮೋಟಾರ್ ಸಿಗದ ದಿನದಿಂದ ನನಗೆ ಹೆದರಿಕೆ ಹಿಡಿಯಿತು. ಇದನ್ನು ನಾನು ಯಾರಿಗೂ ಹೇಳಲಿಲ್ಲ.

ಇದು ಸಾಲದೆಂಬಂತೆ ಡಿಪೋ ಮ್ಯಾನೇಜರ್ ಮೇಡಂ ನನ್ನನ್ನು ಕರೆಸಿದರು.

"ಹದಿನೈದು ದಿನಕ್ಕೆ ಹೆಡ್ ಆಫೀಸಿನಿಂದ ತಪಾಸಣೆಗೆ ಬರ್ತಾರೆ. ಹತ್ತು ಇಂಡೆಂಟ್ ಚೀಟಿ ಕೊಡ್ತಾರೆ. ಒಂದೊಂದಕ್ಕೂ ಎರಡು ನಿಮಿಷ ಟೈಮು. ಎಂಟು ಸರಿಯಾಗಿ ಕೊಟ್ರೆ ನಮ್ಮ ಸ್ಟೋರ್ ಉಳಿಯತ್ತೆ. ಇಲ್ದಿದ್ರೆ ಎಲ್ಲಾ ಸಾಮಾನೂ ಸೆಂಟ್ರಲ್ ಸ್ಟೋರಿಗೆ."

"ನಾನು ಮೇಡಂ?"

"ನಿಮ್ಗೆ ಬಸ್ ನಿಲ್ದಾಣದಲ್ಲಿ ಕೆಲಸ. ಪ್ರಯಾಣಿಕರು ಮರೆತು ಬಿಟ್ಟು ಹೋಗಿರೋ ವಸ್ತುಗಳ ಕೌಂಟರ್."

ಮರೆತವರ ವಸ್ತುಗಳನ್ನು ಕಾಯುವ ಕೆಲಸ! ಅದೂ ನನಗೆ! ವಿಧಿಗೂ ಒಂದು ನಾಚಿಕೆ ಬೇಡವೆ?

ನನ್ನ ಹೆಂಡತಿ ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್. ಡಾಕ್ಟರ ಕೋಳಿಕಾಲು ಅಕ್ಷರವನ್ನೇ ಓದುವವಳಿಗೆ ನನ್ನ ಮುಖ ಓದುವುದು ಯಾವ ಲೆಕ್ಕ? ಅದಕ್ಕೇ ಅವಳ ಕಡೆ ನೋಡದೆ, ತಟ್ಟೆ ನೋಡುತ್ತಾ ಕೇಳಿದೆ.

"ನಮ್ಮ ಡಿಪೋದಲ್ಲಿ ಒಬ್ರು ಇದಾರೆ ಕಣೇ. ಅವರಿಗೆ ಸ್ವಲ್ಪ ಮರೆವು. ಬುದ್ಧಿ ಚುರುಕಾಗೋಕೆ ಏನೋ ಕ್ಯಾಪ್ಸೂಲ್ ಬಂದಿದ್ಯಂತೆ, ಅದನ್ನ ತಗೋಬಹುದಾ ಅಂತ ಕೇಳ್ತಿದ್ರು."

"ಅವರಿಗೆ ಬಿಪಿ ಇದೆಯಾ?"

"ಇದೆ... ಅನ್ಸತ್ತೆ."

"ಎಷ್ಟು ಹೊತ್ತು ನಿದ್ದೆ ಮಾಡ್ತಾರೆ?"

"ಐದು ಗಂಟೆ. ಫೋನ್ ನೋಡ್ತಾ ಮಲಗೋದು ಲೇಟಾಗತ್ತೆ. ಅಂತ ಅವರೇ ಹೇಳಿದ್ರು!"

"ಹಾಗಾದ್ರೆ ಅವರಿಗೆ ಹೇಳಿ. ಅಂಥ ಕ್ಯಾಪ್ಸೂಲ್‌ನಲ್ಲಿ ಮುಕ್ಕಾಲು ಪಾಲು ಇರೋದು ಕಾಫಿಯ ಸತ್ವ. ತಗೊಂಡ ಎರಡು ಮೂರು ಗಂಟೆ ಚುರುಕು ಅನ್ನಿಸೋದೇನೋ ನಿಜ, ಸುಳ್ಳಲ್ಲ. ಉಳಿದ ಬೇರು, ಪುಡಿ ಇವುಗಳಿಂದ ಜ್ಞಾಪಕಶಕ್ತಿ ಬರತ್ತೆ ಅನ್ನೋಕೆ ಗಟ್ಟಿ ಆಧಾರ ಇಲ್ಲ. ಆದ್ರೆ ಬಿಪಿ ಇರೋರು ಕೇಳದೆ ನುಂಗಿದ್ರೆ ಎದೆ ಬಡಿತ ಏರತ್ತೆ, ನಿದ್ದೆ ಹಾರತ್ತೆ. ನಿದ್ದೆ ಹೋದ್ರೆ ಇರೋ ನೆನಪೂ ಹೋಗತ್ತೆ. ಮೊದ್ಲು ಡಾಕ್ಟ್ರಿಗೆ ತೋರ್ಸೋಕೆ ಹೇಳಿ."

"ಹೇಳ್ತೀನಿ, ಹೇಳ್ತೀನಿ."

"ಅನ್ನಕ್ಕೆ ನೀರು ಹಾಕ್ಕೊಂಡಿದೀರಿ. ಸಾರು ಆ ಕಡೆ ಇದೆ" ಎಂದು ಅವಳು ಎದ್ದು ಹೋದಳು.

ಡಾಕ್ಟರ ಬಳಿ ಹೋಗುವುದೆ? ಹೋದರೆ ಅವರು ಪರೀಕ್ಷೆ ಮಾಡುತ್ತಾರೆ. ಪರೀಕ್ಷೆ ಮಾಡಿದರೆ ಅಪ್ಪನ ಕಾಯಿಲೆಯ ಹೆಸರು ಹೇಳಿಬಿಟ್ಟಾರು! ಬೇಡಪ್ಪಾ ಬೇಡ. ಫೋನಿನಲ್ಲಿ ನಾನು ಒಂದೇ ಒಂದು ಸಲ 'ಮರೆವಿಗೆ ಪರಿಹಾರ' ಎಂದು ಹುಡುಕಿದ್ದೆ. ಅಂದಿನಿಂದ ಆ ಜಾಹೀರಾತುಗಳು ನನ್ನನ್ನು ಮರೆಯಲೇ ಇಲ್ಲ. ಕೊನೆಗೆ ಒಂದು ಬಾಟಲಿ ತರಿಸಿಯೇ ಬಿಟ್ಟೆ, ಡಿಪೋದ ವಿಳಾಸಕ್ಕೆ. ಅದರ ಹೆಸರನ್ನು ನಿಮಗೆ ಹೇಳಬಹುದಿತ್ತು. ಈಗ ನೆನಪಿಗೆ ಬರುತ್ತಿಲ್ಲ.

ಬಾಟಲಿಯ ಜೊತೆಗೆ ಮಡಿಕೆ ಮಡಿಕೆಯಾಗಿ ಒಂದು ಉದ್ದನೆಯ ಕಾಗದವಿತ್ತು. ಒಂದು ಕಡೆ ಲಾಭಗಳು: 'ಮಿಂಚಿನ ಬುದ್ಧಿ! ಉಕ್ಕಿನ ಏಕಾಗ್ರತೆ! ಆನೆಯ ನೆನಪು!' ಒಂದೊಂದು ಅಕ್ಷರ ನನ್ನ ಹೆಬ್ಬೆಟ್ಟಿನಷ್ಟು. ಇನ್ನೊಂದು ಕಡೆ ಅಪಾಯಗಳು. ಅವನ್ನು ಇರುವೆ ಬರೆದಿರಬೇಕು. ಓದಲು ಕನ್ನಡಕ ಬೇಕಿತ್ತು, ಕನ್ನಡಕ ಎಲ್ಲಿಟ್ಟಿದ್ದೆನೋ ನೆನಪಿರಲಿಲ್ಲ. ಹೀಗಾಗಿ ನಾನು ಲಾಭವನ್ನಷ್ಟೇ ಓದಿದೆ. 'ದಿನಕ್ಕೆ ಒಂದೇ' ಎಂಬುದನ್ನೂ ಓದಿದೆ, ಅದು ಕೆಂಪಕ್ಷರದಲ್ಲಿತ್ತು. ಕಾಗದವನ್ನು ಕೌಂಟರಿನ ಡ್ರಾಯರಿಗೆ ಹಾಕಿದೆ. ಬಾಟಲಿಯನ್ನು ಇಂಜೆಕ್ಟರ್ ವಾಷರ್ ಇಡುವ ಖಾನೆಯಲ್ಲಿ ಬಚ್ಚಿಟ್ಟೆ. ವರ್ಷಕ್ಕೆ ಎರಡು ಸಲ ಯಾರಾದರೂ ಅದನ್ನು ಕೇಳಿದರೆ ಹೆಚ್ಚು.

ಮೊದಲ ಕ್ಯಾಪ್ಸೂಲ್ ನುಂಗಿದ ಅರ್ಧ ಗಂಟೆಗೆ ಲೋಕ ಬೆಳ್ಳಗಾಯಿತು! ಗ್ರೀಸಣ್ಣ ಬಾಯಿ ತೆರೆಯುವ ಮೊದಲೇ ನಾನು ಬ್ರೇಕ್ ಲೈನಿಂಗ್ ತಂದು ಕೊಟ್ಟೆ. ಅವನು ಕೇಳಬೇಕೆಂದಿದ್ದು ಫ್ಯಾನ್ ಬೆಲ್ಟ್, ಆ ಮಾತು ಬೇರೆ. ವೇಗವನ್ನಂತೂ ಅವನು ಮೆಚ್ಚಿಕೊಂಡ. ಮಧ್ಯಾಹ್ನದ ಹೊತ್ತಿಗೆ ಬೆಳಕು ಆರಿ ತಲೆ ಸಿಡಿಯತೊಡಗಿತು. ಮನೆಗೆ ಬಂದರೆ ನಿದ್ದೆ ಹತ್ತಿರ ಸುಳಿಯುತ್ತಿರಲಿಲ್ಲ. ಎದೆಯಲ್ಲಿ ಯಾರೋ ಅವಲಕ್ಕಿ ಕುಟ್ಟುತ್ತಿದ್ದರು. ಮುಚ್ಚಿದ ಕಣ್ಣಿನೊಳಗೆ ಆಯಿಲ್ ಸೀಲ್‌ಗಳು ಸಾಲುಗಟ್ಟಿ ಮೆರವಣಿಗೆ ಹೊರಡುತ್ತಿದ್ದವು. ಬುದ್ಧಿ ಬೆಳೆಯುವಾಗ ಇಷ್ಟು ನೋವು ಇದ್ದೇ ಇರುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

"ಕಣ್ಣು ಯಾಕ್ರೀ ಕೆಂಪಗಿದೆ?" ಹೆಂಡತಿ ಕೇಳಿದಳು.

"ತಪಾಸಣೆಯ ಯೋಚನೆ ಕಣೇ."

"ಕೈ ಯಾಕೆ ನಡುಗ್ತಿದೆ?"

"ಅದೂ ಅದೇ ಯೋಚನೆ."

ಅವಳು ನನ್ನನ್ನೇ ಒಂದು ಗಳಿಗೆ ನೋಡಿ, "ಡಿಪೋದ ಆ ಮರೆವಿನೋರು ಹೇಗಿದಾರೆ?" ಅಂದಳು. ನಾನು ಖಾಲಿ ಲೋಟವನ್ನೇ ಎತ್ತಿ ಗಟಗಟ ಕುಡಿದೆ.

ತಪಾಸಣೆಗೆ ಒಂದೇ ದಿನ ಉಳಿಯಿತು. ಭಾನುವಾರ, ಸ್ಟೋರಿಗೆ ರಜೆ. ಒಬ್ಬನೇ ಕೂತು ಅಭ್ಯಾಸ ಮಾಡೋಣವೆಂದು ಬೆಳಿಗ್ಗೆಯೇ ಬೀಗ ತೆಗೆದು ಒಳಗೆ ಹೋದೆ. ಕ್ಯಾಪ್ಸೂಲ್ ನುಂಗಿದೆ. ಕೌಂಟರಿಗೆ ಬಂದು ಕೂತೆ. ಆಗ ಬಂತು ನೋಡಿ ಅನುಮಾನ: ನಾನು ನುಂಗಿದೆನೋ, ನುಂಗಬೇಕೆಂದುಕೊಂಡೆನೋ?

ನೀರಿನ ಲೋಟ ಅರ್ಧ ಖಾಲಿಯಾಗಿತ್ತು. ಆದರೆ ಬಂದಾಗ ಅದು ತುಂಬಿತ್ತೋ ಇಲ್ಲವೋ! ಹೋಗಿ ಬಾಟಲಿಯನ್ನು ಬೋರಲು ಹಾಕಿ ಎಣಿಸಿದೆ. ಹದಿನೇಳು ಇದ್ದವು. ಸರಿ, ಎಷ್ಟಿರಬೇಕಿತ್ತು? ಗೊತ್ತಿಲ್ಲ! ನಾಳೆ ತಪಾಸಣೆ ಇಟ್ಟುಕೊಂಡು ಇವತ್ತು ಖಾಲಿ ತಲೆಯಲ್ಲಿ ಕೂರುವುದೆ? ಇನ್ನೊಂದನ್ನು ನುಂಗಿಬಿಟ್ಟೆ. ಗಂಟಲಿಂದ ಅದು ಇಳಿಯುವಾಗ ಮೊದಲನೆಯದು ಇಳಿದದ್ದು ಸ್ಪಷ್ಟವಾಗಿ ನೆನಪಾಯಿತು.

ಅಯ್ಯೋ, ಆ ದಿನದ ನನ್ನ ಪ್ರತಾಪವನ್ನು ಏನೆಂದು ಹೇಳಲಿ! ಇಪ್ಪತ್ತಾರು ವರ್ಷ ನಾನು ನೋಡಿದ ಸ್ಟೋರ್ ಅಂದು ನನಗೆ ಕಸದ ತೊಟ್ಟಿಯಂತೆ ಕಂಡಿತು. ಕ್ಲಚ್ ಪ್ಲೇಟಿನ ಪಕ್ಕದಲ್ಲಿ ಹಾರ್ನ್! ಎಂಥ ಅವಿವೇಕ! ಎಂಥ ಅವೈಜ್ಞಾನಿಕತೆ! ತೋಳು ಮಡಿಚಿ ನಿಂತೆ. ಸ್ಟೋರ್ ಎಂದರೆ ಮಲಗಿರುವ ಒಂದು ಬಸ್ಸು ಎಂಬ ಮಹಾದರ್ಶನವಾಯಿತು. ಬಾಗಿಲ ಬಳಿ ಬಸ್ಸಿನ ಮೂತಿಯ ಭಾಗಗಳು, ನಡುವೆ ಎಂಜಿನ್ನಿನವು, ಗೋಡೆಯ ಕಡೆ ಬಾಲದವು. ಮೂರು ರ‍್ಯಾಕುಗಳನ್ನು ಹೀಗೆ ಬದಲಾಯಿಸಿದೆ. ಹನ್ನೊಂದು ಗಂಟೆಗೆ ಅದಕ್ಕಿಂತ ದೊಡ್ಡ ದರ್ಶನ: ತೂಕ! ಭಾರವಾದದ್ದು ಕೆಳಗೆ, ಹಗುರವಾದದ್ದು ಮೇಲೆ. ಮುಂದಿನ ನಾಲ್ಕು ರ‍್ಯಾಕು ತೂಕದ ಪ್ರಕಾರ. ಮಧ್ಯಾಹ್ನ ಎರಡಕ್ಕೆ, ಯಾವುದು ಹೆಚ್ಚು ಕೆಡುತ್ತದೋ ಅದು ಕೈಗೆ ಹತ್ತಿರವಿರಬೇಕು ಎಂದು ಹೊಳೆಯಿತು. ಇನ್ನೂ ನಾಲ್ಕು. ಕೊನೆಯ ಮೂರನ್ನು, ಹೇಳಲು ನಾಚಿಕೆಯಾಗುತ್ತದೆ, ವಾಸನೆಯ ಪ್ರಕಾರ ಜೋಡಿಸಿದೆ. ರಬ್ಬರಿನದು ಒಂದು ಕಡೆ, ಎಣ್ಣೆಯದು ಒಂದು ಕಡೆ, ವಾಸನೆಯೇ ಇಲ್ಲದ್ದು ಇನ್ನೊಂದು ಕಡೆ.

ಊಟ ಮಾಡಲಿಲ್ಲ. ಹಸಿವೇ ಇರಲಿಲ್ಲ. ಯಾವುದು ಎಲ್ಲಿಗೆ ಹೋಯಿತೆಂದು ಬರೆದಿಟ್ಟುಕೊಳ್ಳಲು ಕಾಗದಕ್ಕೆ ತಡಕಾಡಿದೆ. ಬೇರೇನೂ ಸಿಗಲಿಲ್ಲ. ಡ್ರಾಯರಿನಲ್ಲಿದ್ದ ಆ ಉದ್ದನೆಯ ಕಾಗದವನ್ನೇ ತೆಗೆದು, ಇರುವೆ ಅಕ್ಷರದ ಸಾಲುಗಳ ನಡುನಡುವೆ ಪಟ್ಟಿ ಬರೆದು ಜೇಬಿಗಿಟ್ಟುಕೊಂಡೆ. ಸಂಜೆ ಬೀಗ ಹಾಕುವಾಗ ಸ್ಟೋರಿಗೆ ಒಂದು ಸೆಲ್ಯೂಟ್ ಹೊಡೆದೆ.

ಸೋಮವಾರ ಬೆಳಿಗ್ಗೆ ತಲೆ ಕಲ್ಲಾಗಿತ್ತು. ಕಣ್ಣಿಗೆ ಕಣ್ಣು ಹತ್ತಿರಲಿಲ್ಲ. ಸ್ಟೋರಿಗೆ ಬಂದು, ಕ್ಯಾಪ್ಸೂಲ್‌ಗಾಗಿ ಇಂಜೆಕ್ಟರ್ ವಾಷರ್ ಖಾನೆಗೆ ಕೈ ಹಾಕಿದೆ. ಕೈಗೆ ಬಂದದ್ದು ಬಾಗಿಲಿನ ಹಿಡಿ!

ಪಕ್ಕದ ಖಾನೆಗೆ ಕೈ ಹಾಕಿದೆ. ಹೆಡ್‌ಲೈಟ್ ಬಲ್ಬು. ಕ್ಲಚ್ ಪ್ಲೇಟ್ ಇರಬೇಕಾದಲ್ಲಿ ಸೀಟಿನ ಬೋಲ್ಟು. ಭಾನುವಾರದ ನಾನು ಮಹಾಮೇಧಾವಿ, ಒಪ್ಪಿದೆ. ಆದರೆ ಇವತ್ತು ಡ್ಯೂಟಿಗೆ ಬಂದಿರುವವನು ಸೋಮವಾರದ ನಾನು! ಇವನಿಗೆ ಆ ಮೇಧಾವಿಯ ಒಂದು ದರ್ಶನವೂ ನೆನಪಿರಲಿಲ್ಲ. ಕಾಲು ಹಳೆಯ ದಾರಿಯಲ್ಲೇ ಹೋಗುತ್ತಿತ್ತು, ಕೈ ಹಳೆಯ ಖಾನೆಗೇ ಚಾಚುತ್ತಿತ್ತು. ಇಪ್ಪತ್ತಾರು ವರ್ಷದ ನೆನಪನ್ನು ನಾನೇ ಒಂದು ಹಗಲಿನಲ್ಲಿ ಎತ್ತಿ ಬೀದಿಗೆ ಹಾಕಿದ್ದೆ.

ಹನ್ನೊಂದಕ್ಕೆ ತಪಾಸಣಾಧಿಕಾರಿ ಬಂದರು. ತೆಳ್ಳಗೆ, ಬೆಳ್ಳಗೆ, ಕೈಯಲ್ಲೊಂದು ಗಡಿಯಾರ. ಹಿಂದೆ ಮ್ಯಾನೇಜರ್ ಮೇಡಂ. ಅವರ ಹಿಂದೆ ತಮಾಷೆ ನೋಡಲು ಗ್ರೀಸಣ್ಣ.

"ಒಂದನೇ ಚೀಟಿ. ಫ್ಯಾನ್ ಬೆಲ್ಟ್."

ಓಡಿದೆ. ಸಿಗಲಿಲ್ಲ. ಎರಡು ನಿಮಿಷ ಮುಗಿಯಿತು.

"ಎರಡನೇ ಚೀಟಿ. ಹಬ್ ಬೇರಿಂಗ್."

ಎರಡೂ ಕೈಯಲ್ಲಿ ತಡಕಿದೆ. ಅದೂ ಸಿಗಲಿಲ್ಲ. ಮೇಡಂ ಮುಖ ಕಪ್ಪಿಟ್ಟಿತು. ಹತ್ತರಲ್ಲಿ ಎರಡು ಹೋಯಿತು. ಇನ್ನು ಒಂದು ತಪ್ಪಿದರೂ ಸ್ಟೋರ್ ಹೋಯಿತು, ನಾನು ಕಳೆದುಹೋದ ಕೊಡೆಗಳ ನಡುವೆ ಕೂತೆ! ಆಗ ಆ ಪಟ್ಟಿ ನೆನಪಾಯಿತು. ಜೇಬು ಮುಟ್ಟಿಕೊಂಡೆ. ಖಾಲಿ! ಅದು ಭಾನುವಾರದ ಶರ್ಟಿನಲ್ಲಿತ್ತು. ಸೋಮವಾರ ಹೆಂಡತಿಗೆ ಅಂಗಡಿ ರಜೆ, ನಮ್ಮ ಮನೆಯಲ್ಲಿ ಬಟ್ಟೆ ಒಗೆಯುವ ದಿನ!

"ಮೂರನೇ ಚೀಟಿ. ಹಾರ್ನ್ ರಿಲೇ."

ಮನೆಗೆ ಫೋನ್ ಮಾಡಿದೆ.

"ನಿನ್ನೆಯ ಶರ್ಟ್ ಎಲ್ಲಿದೆ?"

"ನೀರಲ್ಲಿ."

"ಜೇಬಲ್ಲಿದ್ದ ಚೀಟಿ?"

"ಜೇಬು ನೋಡ್ದೆ ಬಟ್ಟೆ ನೆನೆಸೋಳಾ ನಾನು? ಕೈಯಲ್ಲೇ ಹಿಡ್ಕೊಂಡು ಕೂತಿದೀನಿ. ಬೆಳಿಗ್ಗೆಯಿಂದ ಇದನ್ನೇ ಓದ್ತಿದೀನಿ. ಎಷ್ಟು ನುಂಗಿದೀರಿ?"

"ಅದೆಲ್ಲಾ ಆಮೇಲೆ ಹೇಳ್ತೀನಿ. ಹಾರ್ನ್ ರಿಲೇ ಎಲ್ಲಿದೆ ಹೇಳು!"

"ಮೊದ್ಲು ಹೇಳಿ. ಎಷ್ಟು?"

"ದಿನಕ್ಕೊಂದು ಕಣೇ! ನಿನ್ನೆ ಮಾತ್ರ ಎರಡು!"

"ಎರಡಾ? ಬಿಪಿ ಇಟ್ಕೊಂಡು?"

"ಮೊದಲನೇದು ನುಂಗಿದ್ದು ಮರೆತು ಹೋಯ್ತು! ತಪ್ಪಾಯ್ತು ಮಾರಾಯ್ತಿ, ಕೈ ಮುಗೀತೀನಿ, ಹಾರ್ನ್ ರಿಲೇ!"

"ಒಂದು ನಿಮಿಷ ಆಯ್ತು" ಎಂದರು ಅಧಿಕಾರಿ.

"ಎದೆ ನೋವಿದೆಯಾ? ಕಣ್ಣು ಕತ್ತಲೆ ಬರ್ತಿದೆಯಾ?"

"ಇಲ್ಲ! ಬರೀ ಹೆದರಿಕೆ ಆಗ್ತಿದೆ!"

ನನ್ನ ದನಿಯಲ್ಲಿ ಅದೇನು ಕೇಳಿಸಿತೋ, ಅವಳು ಸರಸರ ಕಾಗದ ಬಿಡಿಸಿಕೊಂಡಳು. ಆಮೇಲೆ ದನಿ ತಗ್ಗಿಸಿ, "ಸರಿ, ಬರ್ಕೊಳ್ಳಿ" ಅಂದಳು. ಬರೆದುಕೊಳ್ಳಲು ಸಮಯವೆಲ್ಲಿ? ಏಣಿ ಹತ್ತಲು ಎರಡು ಕೈಯೂ ಬೇಕು. ಗ್ರೀಸಣ್ಣ ಫೋನ್ ಕಿತ್ತುಕೊಂಡು, ಸ್ಪೀಕರ್ ಹಾಕಿ ಕೌಂಟರ್ ಮೇಲಿಟ್ಟ. ಇಡೀ ಸ್ಟೋರಿನಲ್ಲಿ ನನ್ನ ಹೆಂಡತಿಯ ಧ್ವನಿ ಮೊಳಗಿತು.

"ನಿಮ್ಮ ಅಕ್ಷರ, ಅಚ್ಚಿನ ಅಕ್ಷರ ಎರಡೂ ಕಲಸಿಹೋಗಿದೆ. ಇದ್ದ ಹಾಗೆ ಓದ್ತೀನಿ. ಹಾರ್ನ್ ರಿಲೇ... ಎದೆ ಬಡಿತ ಹೆಚ್ಚುವುದು... ಎರಡನೇ ರ‍್ಯಾಕ್, ಮೇಲಿನ ಸಾಲು!"

ಎದೆ ಬಡಿತ ಹೆಚ್ಚಿಸಿಕೊಂಡೇ ಓಡಿದೆ. ಸಿಕ್ಕಿತು! ಐದು ಸೆಕೆಂಡು ಉಳಿದಿತ್ತು.

"ನಾಲ್ಕನೇ ಚೀಟಿ. ಆಯಿಲ್ ಸೀಲ್."

"ಆಯಿಲ್ ಸೀಲ್... ಬಾಯಿ ಒಣಗುವುದು... ಹದಿಮೂರನೇ ರ‍್ಯಾಕ್, ಎಣ್ಣೆ ವಾಸನೆ ಅಂತ ಬರೆದಿದೀರಿ. ಇದೇನ್ರೀ ಇದು, ವಾಸನೆ?"

"ಹೂಂ, ವಾಸನೆ!" ಬಾಯಿ ಒಣಗಿ ನನಗೆ ಅದಕ್ಕಿಂತ ಹೆಚ್ಚು ಮಾತು ಹೊರಡಲಿಲ್ಲ. ಅದೂ ಸಿಕ್ಕಿತು.

"ಸೆಲ್ಫ್ ಸ್ಟಾರ್ಟರ್... ಕೈಕಾಲು ನಡುಕ... ನಾಲ್ಕು, ತಳದ ಸಾಲು." ನಡುಗುವ ಕೈಯಲ್ಲಿ ಅದನ್ನು ಎತ್ತಿ ತಂದೆ.

"ವೈಪರ್ ಮೋಟಾರ್... ಅಕಾರಣ ಆತಂಕ... ಒಂದು, ಬಾಗಿಲ ಪಕ್ಕ." ಅಕಾರಣವಂತೆ! ಗಡಿಯಾರ ಹಿಡಿದ ಕಾರಣ ಎದುರಿಗೇ ನಿಂತಿತ್ತು.

"ಬ್ರೇಕ್ ಲೈನಿಂಗ್... ನಿದ್ರಾಹೀನತೆ... ಎಂಟು." ತಂದೆ. "ಕ್ಲಚ್ ಪ್ಲೇಟ್... ತಲೆನೋವು... ಐದು." ತಂದೆ. "ಕನ್ನಡಿಯ ಗಾಜು... ರಕ್ತದೊತ್ತಡ ಇರುವವರು ವೈದ್ಯರನ್ನು ಕೇಳದೆ ಸೇವಿಸಲೇಬಾರದು... ಕೇಳಿಸ್ತಾ? ಸೇವಿಸಲೇ, ಬಾರದು! ಕೇಳಿಸ್ತಾ ಇಲ್ವಾ?"

"ಕೇಳಿಸ್ತು! ರ‍್ಯಾಕ್ ನಂಬರು?"

"ಕೇಳಿಸ್ತು ಅಂತ ಇನ್ನೊಂದ್ಸಲ ಹೇಳಿ."

"ಹೇಳಿಬಿಡಣ್ಣ, ಟೈಮ್ ಹೋಗ್ತಿದೆ!" ಎಂದು ಗ್ರೀಸಣ್ಣನೇ ಕೂಗಿದ.

"ಕೇಳಿಸ್ತು!"

"ಮೂರನೇ ರ‍್ಯಾಕ್."

ಒಂಬತ್ತು ಚೀಟಿ ಮುಗಿಯಿತು. ಏಳು ಸರಿ. ಉಳಿದದ್ದು ಒಂದೇ. ಅಧಿಕಾರಿ ಕೊನೆಯ ಚೀಟಿ ತೆಗೆದರು. "ಇಂಜೆಕ್ಟರ್ ವಾಷರ್."

ಎಲ್ಲಾ ಬಿಟ್ಟು ಅದೇ ಬರಬೇಕೆ!

"ಇಂಜೆಕ್ಟರ್ ವಾಷರ್... ಅಪರೂಪಕ್ಕೆ ಕೆಲವರಲ್ಲಿ, ಮರೆವು" ಎಂದು ಓದಿ ನನ್ನ ಹೆಂಡತಿ ಆ ಕೊನೆಯ ಪದವನ್ನು ಇನ್ನೊಮ್ಮೆ ಒತ್ತಿ ಹೇಳಿದಳು. "ಹನ್ನೊಂದು. ಎಡಗಡೆ ತುದಿ."

ಏಣಿ ಹತ್ತಿ ಡಬ್ಬವನ್ನೇ ಇಳಿಸಿ ತಂದು ಕೌಂಟರ್ ಮೇಲಿಟ್ಟೆ. ಅಧಿಕಾರಿ ಕೈ ಹಾಕಿದರು. ವಾಷರ್‌ಗಳ ಮೇಲೆ ಮಲಗಿದ್ದ ಬಾಟಲಿ ಅವರ ಕೈಗೆ ಬಂತು. ತಿರುಗಿಸಿ ನೋಡಿದರು. "ಮಿಂಚಿನ ಬುದ್ಧಿ, ಉಕ್ಕಿನ ಏಕಾಗ್ರತೆ, ಆನೆಯ ನೆನಪು... ಇದು ಯಾವ ಬಸ್ಸಿನ ಬಿಡಿಭಾಗ?"

"ಅದು ಸ್ಟೋರ್ ಕೀಪರ್‌ದು ಸಾರ್" ಎಂದ ಗ್ರೀಸಣ್ಣ.

ಮೇಡಂ ಕೆಮ್ಮಿದರು. ನಾನು ಇಂಗು ತಿಂದ ಮಂಗನಂತೆ ನಿಂತೆ. ಅಧಿಕಾರಿ ಬಾಟಲಿಯನ್ನು ಪಕ್ಕಕ್ಕಿಟ್ಟು, ಕೆಳಗಿದ್ದ ವಾಷರ್ ಒಂದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. "ಹತ್ತಕ್ಕೆ ಎಂಟು. ಸ್ಟೋರ್ ಇಲ್ಲೇ ಇರ್ಲಿ. ಆದ್ರೆ ಒಂದು ವಾರದಲ್ಲಿ ಎಲ್ಲಾ ಖಾನೆಗೂ ಹೆಸರಿನ ಚೀಟಿ ಅಂಟಿರ್ಬೇಕು" ಎಂದವರು ಫೋನಿನ ಕಡೆ ಬಾಗಿ, "ಮೇಡಂ, ನೀವು ಯಾವ ವಿಭಾಗ?" ಎಂದು ಕೇಳಿದರು.

"ಮನೆ ವಿಭಾಗ ಸಾರ್. ಅವರನ್ನ ಈಗ್ಲೇ ಕಳಿಸಿಕೊಡಿ. ಡಾಕ್ಟ್ರ ಹತ್ರ ಟೈಮ್ ತಗೊಂಡಿದೀನಿ."

ಆಸ್ಪತ್ರೆಯ ಬೆಂಚಿನ ಮೇಲೆ ಕಾಯುತ್ತಾ ಕೂತಾಗ ಬೈಗುಳದ ಸುರಿಮಳೆ ಬೀಳುವುದೆಂದು ತಲೆ ತಗ್ಗಿಸಿದ್ದೆ. ಬೀಳಲಿಲ್ಲ. ಹೊರಗೆ ಹನಿಯುತ್ತಿದ್ದ ಮಳೆಗೆ ಒದ್ದೆಯಾದ ಕೊಡೆಯನ್ನು ಮಡಿಚಿ ತೊಡೆಯ ಮೇಲಿಟ್ಟುಕೊಂಡು ಅವಳು ಮೆಲ್ಲಗೆ ಕೇಳಿದಳು.

"ಮಾವನವರ ಹಾಗೆ ಆಗತ್ತೆ ಅಂತ ಹೆದ್ರಿಕೊಂಡ್ರಾ?"

ನಾನು ತಲೆಯಾಡಿಸಿದೆ.

"ನನ್ನ ಹತ್ರ ಹೇಳೋಕೇನಾಗಿತ್ತು?"

"ನಿನ್ನನ್ನೂ ಒಂದು ದಿನ 'ತಾವು ಯಾರು' ಅಂತ ಕೇಳಿಬಿಟ್ರೆ ಅಂತ..."

"ಕೇಳಿ ನೋಡೋಣ. ಯಾರು ಅಂತ ಚೆನ್ನಾಗಿ ತಿಳಿಸಿ ಹೇಳ್ತೀನಿ" ಅಂದಳು. ಆದರೆ ನನ್ನ ತೋಳು ಹಿಡಿದ ಕೈಯನ್ನು ಒಳಗೆ ಕರೆಯುವವರೆಗೂ ಬಿಡಲಿಲ್ಲ.

ಡಾಕ್ಟರು ಬಿಪಿ ನೋಡಿ ಹುಬ್ಬೇರಿಸಿದರು. ಎದೆಗೆ ತಂತಿ ಅಂಟಿಸಿ ಇಸಿಜಿ ಪಟ್ಟಿ ತೆಗೆದರು, ಅದು ಸರಿಯಾಗಿತ್ತು. ಬಾಟಲಿಯನ್ನು ಇಸಿದುಕೊಂಡು ತಮ್ಮ ಡ್ರಾಯರಿಗೆ ಹಾಕಿದರು. ಆಮೇಲೆ ನಾನು ಹೆದರಿದ್ದ ಪರೀಕ್ಷೆ. ಗಡಿಯಾರ ಬರೆಸಿದರು. ನೂರರಿಂದ ಏಳೇಳು ಕಳೆಯಿಸಿದರು. ಐದು ಪದ ಹೇಳಿ, ಸ್ವಲ್ಪ ಹೊತ್ತು ಬೇರೆ ಮಾತಾಡಿ, ಆ ಪದಗಳನ್ನು ತಿರುಗಿ ಕೇಳಿದರು.

"ಸೇತುವೆ, ನಿಂಬೆ, ಕುದುರೆ, ಕಂಬಳಿ, ಗಂಟೆ!"

"ಐದಕ್ಕೆ ಐದು! ನೀವು ಹೆದರಿರೋ ಕಾಯಿಲೆ ಇವತ್ತಿನ ಪರೀಕ್ಷೆಯಲ್ಲಂತೂ ಕಾಣ್ತಿಲ್ಲ. ವರ್ಷಕ್ಕೊಮ್ಮೆ ಬಂದು ತೋರಿಸ್ಕೊಳ್ಳಿ. ನಿಮ್ಗೆ ಬೇಕಾಗಿರೋದು ನಿದ್ದೆ, ದಿನಕ್ಕೆ ಅರ್ಧ ಗಂಟೆ ನಡಿಗೆ. ಮುಖ್ಯವಾಗಿ, ಎದುರಿಗೆ ಇರೋದರ ಮೇಲೆ ಗಮನ. ಗಮನ ಕೊಡ್ದೆ ಇದ್ದದ್ದು ನೆನಪಲ್ಲಿ ಹೇಗೆ ಉಳಿಯತ್ತೆ ಹೇಳಿ?"

"ಇದನ್ನ ನಾನು ಇಪ್ಪತ್ತೆರಡು ವರ್ಷದಿಂದ ಹೇಳ್ತಿದೀನಿ ಡಾಕ್ಟ್ರೇ, ಫೀಸಿಲ್ದೆ" ಅಂದಳು ಹೆಂಡತಿ.

"ಆ ಐದು ಪದ ನಾಳೆ ಬೆಳಿಗ್ಗೆಯೂ ನೆನಪಿದ್ಯಾ ಅಂತ ಒಂದು ಫೋನ್ ಮಾಡಿ ಹೇಳಿ" ಎಂದು ನಕ್ಕು ಡಾಕ್ಟರು ನಮ್ಮನ್ನು ಕಳಿಸಿಕೊಟ್ಟರು.

ಹೊರಗೆ ಬಂದಾಗ ನನ್ನ ಕಾಲು ನೆಲದ ಮೇಲಿರಲಿಲ್ಲ. ಐದಕ್ಕೆ ಐದು! ಒಂದು ತಿಂಗಳಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿದಿತ್ತು. ಅಪ್ಪನನ್ನು ನೆನೆದು ಕಣ್ಣೊರೆಸಿಕೊಂಡೆ, ಹಾಗೇ ನಕ್ಕೆ. ಕಂಪ್ಯೂಟ್ರಣ್ಣ ಇನ್ನೂ ಬದುಕಿದ್ದಾನೆ! ನಾಳೆ ಡಾಕ್ಟರಿಗೆ ಫೋನ್ ಮಾಡಿ ಪಟಪಟನೆ ಒಪ್ಪಿಸಿ ಬೆರಗಾಗಿಸಬೇಕು ಎಂದುಕೊಂಡು, ಸೇತುವೆ, ನಿಂಬೆ, ಕುದುರೆ, ಕಂಬಳಿ, ಗಂಟೆ ಎಂದು ಜಪಿಸುತ್ತಾ ಮೆಟ್ಟಿಲಿಳಿದೆ. ಬಸ್ಸು ಬಂತು, ಹತ್ತಿದೆ. ಸೇತುವೆ, ನಿಂಬೆ, ಕುದುರೆ. ಇಳಿದೆ. ತಲೆ ಮೇಲೆ ಹನಿ ಬೀಳುತ್ತಿದ್ದರೂ ಲೆಕ್ಕಿಸದೆ ನಡೆದೆ. ಕಂಬಳಿ, ಗಂಟೆ. ಒಂದೂ ತಪ್ಪಲಿಲ್ಲ!

ಮನೆಯ ಬಾಗಿಲಿಗೆ ಬಂದು ಬೀಗದ ಕೈಗೆ ಜೇಬು ತಡಕಿದೆ. ಇಲ್ಲ. ಇನ್ನೊಂದು ಜೇಬು. ಇಲ್ಲ. ಮತ್ತೆ ಎದೆಯಲ್ಲಿ ಅವಲಕ್ಕಿ ಶುರುವಾಯಿತು. ಅಷ್ಟರಲ್ಲಿ ಫೋನ್ ಬಂತು. ಹೆಂಡತಿ.

"ಐದು ಪ‍ದ ನೆನಪಿದ್ಯಾ?" ಧ್ವನಿ ಬಹಳ ಸಿಹಿಯಾಗಿತ್ತು.

"ಓಹೋ! ಸೇತುವೆ, ನಿಂಬೆ, ಕುದುರೆ, ಕಂಬಳಿ, ಗಂಟೆ! ಹಿಂದುಮುಂದಾಗಿ ಬೇಕಾದ್ರೂ ಹೇಳ್ತೀನಿ!"

"ಭೇಷ್! ಆಸ್ಪತ್ರೆಗೆ ಹೋಗುವಾಗ ಆರನೇದು ಒಂದು ನಿಮ್ಮ ಜೊತೆ ಬಂದಿತ್ತು. ಅದು ಏನು, ಹೇಳಿ?"

ಯೋಚಿಸಿದೆ. ತಲೆ ಒದ್ದೆಯಾಗಿತ್ತು. ಹೊಳೆಯಿತು!

"ಕೊಡೆ!"

"ಕೊಡೆ ಇಲ್ಲೇ ಇದೆ. ಬೀಗದ ಕೈಯೂ ಇಲ್ಲೇ ಇದೆ. ಔಷಧಿ ಕೌಂಟರಿಗೆ ಹೋಗಿ ಬರ್ತೀನಿ, ಒಂದ್ನಿಮಿಷ ಇಲ್ಲೇ ಕೂತಿರಿ ಅಂದಿದ್ದೆ. ಇನ್ನೂ ಆಸ್ಪತ್ರೆ ಬೆಂಚಿನ ಮೇಲೇ ಇದೀನಿ. ಇಂಡೆಂಟ್ ಚೀಟಿ ಬರ್ಕೊಂಡು ಬನ್ನಿ: ಕೊಡೆ, ಒಂದು. ಬೀಗದ ಕೈ, ಒಂದು. ಹೆಂಡತಿ, ಒಂದು. ಎರಡು ನಿಮಿಷ ಟೈಮು!"